ಅರ್ಧಪ್ಪನ ಲಾಭಪಟ್ಟಿ

ಊಟದ ಡಬ್ಬಿಯನ್ನು ಮೇಜಿನ ಮೇಲಿಡುವ ಮೊದಲೇ, ಕಚೇರಿಯವರೆಲ್ಲ ಅರ್ಧಪ್ಪ ಎಂದು ಕರೆಯುವ ಅವನು ದಿನಾ ಗೋದಾಮಿನ ಗುಮಾಸ್ತೆಯ ಮುಂದೆ ಹಾಜರು. ‘ನಿನ್ನೆ ವರದಿ ಕೂಡಿಸೋಕೆ ಎಷ್ಟು ಹೊತ್ತಾಯ್ತಮ್ಮ?’ ‘ನಾಲ್ಕು ಗಂಟೆ, ಅಣ್ಣ.’ ಅವನು ಎರಡು ಎಂದು ಬರೆದುಕೊಳ್ಳುತ್ತಾನೆ. ‘ನನ್ನ ಮಾತಿಗೆ ಅಷ್ಟೇನಾ ಬೆಲೆ?’ ಎಂದು ಅವಳು ಮೂತಿ ತಿರುಗಿಸಿದರೆ, ‘ಸಾಹೇಬರದ್ದೂ ಅರ್ಧಾನೇ ಬರ್ಕೊಂಡಿದೀನಿ’ ಎಂದು ಸಮಾಧಾನ ಹೇಳುತ್ತಾನೆ. ಔಷಧಿ ಮಾರುವ ಆ ಸಂಸ್ಥೆಯ ಹನ್ನೊಂದು ವಿಭಾಗಗಳ ಅಂಕಿಅಂಶಗಳನ್ನು ಒಂದೇ ಪರದೆಯ ಮೇಲೆ ತರುವ ಯೋಜನೆ ಅವನದು; ಆಗ ವರದಿ ಕೂಡಿಸುವುದರಲ್ಲಿ ಉಳಿಯುವ ಹೊತ್ತೇ ಅದರ ಲಾಭ. ಹಾಕಿದ ದುಡ್ಡು ಎರಡು ವರ್ಷದಲ್ಲಿ ಹಿಂದಿರುಗುತ್ತದೆಂದು ತೋರಿಸಿದರೆ ಮಾತ್ರ ಒಪ್ಪಿಗೆ. ಬೇರೆಯವರಾಗಿದ್ದರೆ ಲಾಭವನ್ನು ಪೂರಿಯಂತೆ ಉಬ್ಬಿಸುತ್ತಿದ್ದರು. ಇವನೋ ಲಾಭವನ್ನು ಅರ್ಧ ಮಾಡಿ ಖರ್ಚನ್ನು ದುಪ್ಪಟ್ಟು ಮಾಡುತ್ತಾನೆ. ಚಾಳಿ ಮನೆಗೂ ಹಬ್ಬಿದೆ: ಅತ್ತೆ ಹೊಗಳಿದರೆ ಅರ್ಧ ನಂಬುತ್ತಾನೆ, ಬೈದರೆ ಎರಡರಷ್ಟು. ದೇವರ ಮುಂದೆಯೂ ಅರ್ಧವೇ ಬೇಡಿ ಎದ್ದು ಬರುತ್ತಾನೆಂದು ಹೆಂಡತಿಯ ದೂರು. ‘ಕೊಡೋನು ಕೊಡ್ತಾನೆ, ನೀವ್ಯಾಕ್ರೀ ಕಡಿಮೆ ಮಾಡ್ತೀರಿ?’ ನಗುವವರಿಗೆಲ್ಲ ಒಂದು ಸಂಗತಿ ಗೊತ್ತಿಲ್ಲ. ಹಿಂದೊಮ್ಮೆ ಹೊಸ ಯಂತ್ರವೊಂದನ್ನು ಕೊಳ್ಳಲು ಮಾಡಿದ ಇಂಥದೇ ಪಟ್ಟಿಯಲ್ಲಿ, ಎಲ್ಲರೂ ಹೇಳಿದ ಲಾಭವನ್ನು ಅವನು ಪೂರ್ತಿ ಬರೆದಿದ್ದ. ಯಂತ್ರ ಬಂತು, ಲಾಭ ಬರಲಿಲ್ಲ. ಆ ಕೊರತೆ ತುಂಬಲು ಇಬ್ಬರು ಗುಮಾಸ್ತರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು. ಈ ಸಲ ಹಣಕಾಸಿನ ಮೇಡಂ ಪಟ್ಟಿ ನೋಡಿ ನಕ್ಕರು. ‘ದುಡ್ಡು ವಾಪಸ್ ಬರೋಕೆ ಮೂರು ವರ್ಷ ಅಂದ್ರೆ ಯಾರು ಒಪ್ತಾರ್ರೀ? ಈ ಅರ್ಧ ಗಿರ್ಧ ಬಿಡಿ, ಪೂರ್ತಿ ಅಂಕಿ ನಾನೇ ತುಂಬಿ ಈಗಲೇ ಸಹಿ ಹಾಕ್ತೀನಿ. ಇಲ್ಲಾಂದ್ರೆ ನಿಮ್ಮ ಯೋಜನೆ ಇಲ್ಲಿಗೇ ಮುಗೀತು.’ ಅರ್ಧಪ್ಪ ಪಟ್ಟಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ. ‘ಬೇಡ ಮೇಡಂ. ಬರದೇ ಹೋದ ಲಾಭ ಆಮೇಲೆ ಯಾರದೋ ಕೆಲಸ ತಿಂದ್ಬಿಡುತ್ತೆ.’