ವ್ಯಾಟಿನ ಕ್ಲ್ಯಾರಿ
ನಲ್ಲಾರ್ಬರ್ ಬಯಲಿನಲ್ಲಿ ಪುಟ್ಟ ಮನೆವ್ಯಾನುಗಳನ್ನು ನಿಲ್ಲಿಸಿಕೊಂಡಿರುವ ನಮ್ಮ ನಿವೃತ್ತರ ಬಳಗದಲ್ಲಿ ಕ್ಲ್ಯಾರಿಯಷ್ಟು ಒಂದೊಂದು ವ್ಯಾಟನ್ನೂ ಎಣಿಸಿ ಬಿಗಿಯಾಗಿ ಕರೆಂಟು ಬಳಸುವವರು ಇನ್ನೊಬ್ಬರಿಲ್ಲ. ಜನರೇಟರ್ ಕೊಳ್ಳುವ ಮುನ್ನ ಆತ ಹನ್ನೊಂದು ಅಂಗಡಿ ಅಲೆದು, ಒಂದೊಂದನ್ನೂ ಅಂಗಳದಲ್ಲಿ ಓಡಿಸಿ, ಪಕ್ಕದಲ್ಲೇ ಮಲಗಿ ನಿದ್ದೆ ಬರುತ್ತದೆಯೇ ಎಂದು ಪರೀಕ್ಷಿಸಿದ. ಯಾವುದರ ಪಕ್ಕ ಗೊರಕೆ ಹೊಡೆದನೋ ಅದನ್ನೇ ಕೊಂಡ. ಹೆಂಡತಿ ನೊಲೀನ್ ಡ್ರೈಯರ್ ಹಾಕಿ ಕೂದಲು ಒಣಗಿಸಲು ಹೊರಟರೆ, "ಏಯ್, ಕೆಟಲ್ ಓಡ್ತಿದೆ, ಎರಡಕ್ಕೂ ಕರೆಂಟ್ ಸಾಲಲ್ಲ! ನಿಂಗೆ ಚಹಾ ಬೇಕೋ, ಚೆಲುವು ಬೇಕೋ?" ಎಂದು ಕೂಗುತ್ತಾನೆ. "ನಿನ್ ಬಾಯಿಗೊಂದು ವೈರ್ ಕಟ್ಟಿದ್ರೆ ಈ ಬಯಲಿಗೆಲ್ಲ ಕರೆಂಟು ಕೊಡಬಹುದು," ಎನ್ನುತ್ತಾಳೆ ಆಕೆ. ಆ ಜನರೇಟರನ್ನು ಮುಟ್ಟುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಇಲ್ಲಿ ಜನವರಿಯೆಂದರೆ ನಡುಬೇಸಿಗೆ; ಕಳೆದ ಜನವರಿಯ ಒಂದು ಸುಡು ಮಧ್ಯಾಹ್ನ ನನ್ನ ವ್ಯಾನಿನ ಬ್ಯಾಟರಿ ಸತ್ತು, ಇನ್ಸುಲಿನ್ ಇಟ್ಟಿದ್ದ ಫ್ರಿಜ್ ನಿಂತುಹೋಯಿತು; ಔಷಧದಂಗಡಿ ನಾನೂರು ಕಿಲೋಮೀಟರ್ ದೂರ. ಸುದ್ದಿ ಕೇಳಿದ್ದೇ ಕ್ಲ್ಯಾರಿ ಜನರೇಟರ್ ಹೊತ್ತು ಏದುಸಿರು ಬಿಡುತ್ತಾ ಬಂದು ನನ್ನ ಫ್ರಿಜ್ಜಿಗೆ ವೈರು ಸಿಕ್ಕಿಸಿದ. "ಮತ್ತೆ ನಿನ್ನ ಫ್ರಿಜ್ಜು?" ಎಂದೆ. "ಬಿಡೋ ಮಾರಾಯ," ಎಂದ. ಸ್ವಲ್ಪ ಹೊತ್ತಿಗೆ ಅವನ ವ್ಯಾನಿನ ಬಾಗಿಲಿಂದ ನೊಲೀನಳ ಕೂಗು ಎಲ್ಲರಿಗೂ ಕೇಳಿಸಿತು: "ಲೋಟ ತಗೊಂಡ್ ಬನ್ರೋ! ಐಸ್‌ಕ್ರೀಂ ಕರಗಿದೆ, ಕುಡಿದೇ ಮುಗಿಸ್ಬೇಕು!"