ಕಕ್ಕಸಿಲ್ಲದ ಹೆರಿಗೆ ವಾರ್ಡು

ಕೋವಿಡ್ ಅಲೆಗಳು ಇಳಿದ ಮರುವರ್ಷ ನಾನು ಹನೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಆ ಜನ ಇನ್ನೂ ಅಲ್ಲೇ ಇದ್ದಾರೆ. ಕೇಂದ್ರದ ಹೆರಿಗೆ ಕೋಣೆ ಬಹಳ ಹಳೆಯದು. ಮಳೆ ಬಂದರೆ ಮಂಚವನ್ನು ಗೋಡೆಯಿಂದ ಈಚೆಗೆ ಎಳೆಯಬೇಕಿತ್ತು. ಕೇಂದ್ರಕ್ಕಿದ್ದ ಒಂದೇ ಕಕ್ಕಸು ಗುಂಡಿ ತುಂಬಿ ಎಂದೋ ಮುಚ್ಚಿತ್ತು. ಸೋಂಕಿನ ದಿನಗಳಲ್ಲಿ ಒಂದು ಹಾಸಿಗೆಗಾಗಿ ಕೊಳ್ಳೇಗಾಲಕ್ಕೂ ಚಾಮರಾಜನಗರಕ್ಕೂ ಅಲೆದಿದ್ದ ಊರಿನವರು, ಸರ್ಕಾರವನ್ನು ಕಾಯುವುದು ಬೇಡ, ಹೆರಿಗೆ ವಾರ್ಡನ್ನು ನಾವೇ ಕಟ್ಟಿಸುತ್ತೇವೆ ಎಂದು ಮುಂದೆ ಬಂದರು. ಕೇಂದ್ರದ ಆವರಣದಲ್ಲೇ ಕಟ್ಟಲು ಇಲಾಖೆ ಒಪ್ಪಿತು.

ಕಟ್ಟಡ ಸಮಿತಿಯ ಅಧ್ಯಕ್ಷರು ಶಿವಮಲ್ಲಪ್ಪ. ಜಮೀನುದಾರರು, ಅರಿಸಿನದ ವ್ಯಾಪಾರವೂ ಇತ್ತು. ಮೊದಮೊದಲು ಅವರ ಬಗ್ಗೆ ನನಗೆ ಗೌರವವೇ ಇತ್ತು. ಅವರ ಮಾತಿಗೆ ಗಾರೆ ಕೆಲಸದವರು ಕೂಲಿ ಕೇಳದೆ ಗೋಡೆ ಎಬ್ಬಿಸಿದರು, ಸ್ವಸಹಾಯ ಸಂಘದ ಹೆಂಗಸರು ಸಾಲಾಗಿ ನಿಂತು ಇಟ್ಟಿಗೆ ಸಾಗಿಸಿದರು.

ಗೋಡೆ ಎದ್ದ ಮೇಲೆ ದಾನಿಗಳು ಬಂದರು. ಮಂಚ, ಗಡಿಯಾರ, ಸಿಮೆಂಟ್ ಬೆಂಚು, ಎಲ್ಲಕ್ಕೂ ಪೈಪೋಟಿ. ಫ್ಯಾನಿನ ರೆಕ್ಕೆಗಳ ಮೇಲೂ ಹೆಸರು ಬರೆಸಿದರು. ತಿರುಗುವಾಗ ಅದನ್ನು ಯಾರು ಓದುತ್ತಾರೋ. ಮುಂಬಾಗಿಲಿನ ಕಲ್ಲಿನ ಕಮಾನು ಶಿವಮಲ್ಲಪ್ಪನವರ ತಂದೆಯ ಹೆಸರಿಗೆ. ಯಾರೂ ಮುಟ್ಟದೆ ಉಳಿದದ್ದು, ನಕ್ಷೆಯಲ್ಲಿ ವಾರ್ಡಿಗೆ ಅಂಟಿಕೊಂಡಿದ್ದ ಎರಡು ಶೌಚಾಲಯಗಳು. ಸಭೆಯಲ್ಲಿ ಅದನ್ನು ಎತ್ತಿದೆ.

"ಕಕ್ಕಸ್ಗೆ ನಮ್ಮಪ್ಪಾರ ಎಸ್ರ ಬರ್ಸಕಾದದಾ ಮೇಡಮ್ನೋರೇ?" ಎಂದು ಶಿವಮಲ್ಲಪ್ಪ ನಕ್ಕರು. ಸಭೆಯೂ ನಕ್ಕಿತು.

ಹೆತ್ತವಳಿಗೆ ಮೊದಲು ಬೇಕಾಗುವುದೇ ಅದು, ಮೂತ್ರಕೋಶ ತುಂಬಿಯೇ ಇದ್ದರೆ ಗರ್ಭಕೋಶ ಸರಿಯಾಗಿ ಕುಗ್ಗದೆ ರಕ್ತಸ್ರಾವ ಹೆಚ್ಚುತ್ತದೆ ಎಂದು ವಿವರಿಸಿದೆ. "ಮುಂದಿನ ಅಂತದಲ್ಲಿ ಮಾಡ್ಸಮ" ಎಂದು ಎರಡನೇ ಹಂತಕ್ಕೆ ತಳ್ಳಿದರು. ಮೇಲಧಿಕಾರಿಗೆ ತಿಳಿಸಿದರೆ, "ಜನ ತಾವಾಗಿ ಕಟ್ಟಿಸ್ತಿದ್ದಾರೆ, ನೀವು ಅಡ್ಡಗಾಲು ಹಾಕಬೇಡಿ ಡಾಕ್ಟ್ರೇ" ಎಂಬ ಬುದ್ಧಿಮಾತು ಸಿಕ್ಕಿತು.

ಉದ್ಘಾಟನೆಗೆ ಮುಂಚೆಯೇ, ಒಂದು ಜೋರು ಮಳೆಗೆ ಹಳೆಯ ಕೋಣೆಯ ಸೂರು ಕಳಚಿ ಬಿತ್ತು. ಬೇರೆ ದಾರಿಯಿಲ್ಲದೆ ಹೆರಿಗೆಗಳನ್ನು ಹೊಸ ವಾರ್ಡಿಗೆ ಸಾಗಿಸಿದೆವು. ಆಗ ಬಂದವಳು ಜ್ಯೋತಿ. ಕೊಳ್ಳೇಗಾಲದ ರೇಷ್ಮೆ ಮಗ್ಗದವರ ಮನೆಯ ಸೊಸೆ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಸರಾಗವಾಗಿಯೇ ಆಯಿತು. ಬೆಡ್‌ಪ್ಯಾನ್ ಇಟ್ಟರೆ, ಎಲ್ಲರ ನಡುವೆ ಹೇಗೆ ಎಂದು ನಾಚಿ, ತಾಯಿಯ ಕೈ ಹಿಡಿದು ಕಟ್ಟಡದ ಹಿಂದಕ್ಕೆ ಹೋಗಿಬಿಟ್ಟಳು.

ತಾಯಿ ಕಿರುಚಿದ್ದು ಕೇಳಿ ನಾನೂ ನರ್ಸ್ ಸುಗುಣಾ ಅವರೂ ಓಡಿದೆವು. ಲಂಟಾನ ಪೊದೆಯ ಮಗ್ಗುಲಲ್ಲಿ, ಬಂದುಹೋದವರೆಲ್ಲ ಮಾಡಿದ್ದ ಹೇಲಿನ ನಡುವೆ ಜ್ಯೋತಿ ಬಿದ್ದಿದ್ದಳು. ಸೀರೆ ರಕ್ತದಲ್ಲಿ ತೊಯ್ದಿತ್ತು. ಆ ಹೊಲಸೆಲ್ಲ ಹೆರಿಗೆಯಲ್ಲಿ ಹೊಲಿಗೆ ಹಾಕಿದ್ದ ಜಾಗಕ್ಕೂ ಮೆತ್ತಿಕೊಂಡಿತ್ತು. ನೊಣಗಳು ಆಗಲೇ ಮುತ್ತಿದ್ದವು. ಹಾಸಿಗೆಯ ಬಟ್ಟೆಯಲ್ಲಿ ಹೊತ್ತು ತಂದು, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಕೊಟ್ಟು, ರಕ್ತ ನಿಲ್ಲಲೆಂದು ಹೊಟ್ಟೆಯನ್ನು ಒತ್ತಿ ಹಿಡಿದ ಕೈ ತೆಗೆಯದೆ ಆಂಬುಲೆನ್ಸಿನಲ್ಲಿ ಕೊಳ್ಳೇಗಾಲಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ: "ನನ್ ಕೂಸ ಯಾರ ತಾವದೆ?"

ರಕ್ತ ಕೊಟ್ಟ ಮೇಲೆ ಚೇತರಿಸಿಕೊಂಡಳು. ಆದರೆ ಗಾಯ ಕೀವಾಗಿ, ಎಷ್ಟೋ ದಿನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರಲಾಗಲಿಲ್ಲ.

ಮರುದಿನ ಶಿವಮಲ್ಲಪ್ಪ ಬಂದರು. ಜ್ಯೋತಿ ಹೇಗಿದ್ದಾಳೆ ಎಂದು ಕೇಳಲಿಲ್ಲ. "ಯಾರಾರಾ ಪೋಟೊ ತಗುದ್ರಾ ಮೇಡಮ್ನೋರೇ? ಫಂಕ್ಷನ್ ಅತ್ರ ಬಂದದ" ಎಂದರು. ನಾನು ಅವರನ್ನು ಅಲ್ಲೇ ಬಿಟ್ಟು ವಾರ್ಡಿನೊಳಗೆ ಹೋದೆ.

ಉದ್ಘಾಟನೆಯ ದಿನ ಶಾಮಿಯಾನ ತುಂಬಿತ್ತು. ದಾನಿಗಳ ಗುಣಗಾನ ಮುಗಿಯುವಂತಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಶಿವಮಲ್ಲಪ್ಪನವರ ತಾಯಿ ಗೌರಮ್ಮನವರಿಗೆ ಸಕ್ಕರೆ ಕಾಯಿಲೆ. ಮೂತ್ರವನ್ನು ಬಹಳ ಹೊತ್ತು ತಡೆಯುವ ಹಾಗಿಲ್ಲ. ಎದ್ದು ಮಗನ ಬಳಿ ಹೋಗಿ ಕಕ್ಕಸು ಎಲ್ಲಿ ಎಂದು ಮೆಲ್ಲಗೆ ಕೇಳಿದರು. "ಭಾಷಣ ಮುಗೀಲಿ, ಒಸಿ ತಡಕವ್ವ" ಎಂದು ಅವರು ಪಿಸುಗುಟ್ಟಿದರು.

ಗೌರಮ್ಮನವರ ದನಿ ಏರಿತು. "ನಿಮ್ಮಪ್ಪನ ಎಸ್ರ ಕಲ್ಲಲ್ಲಿ ಕೆತ್ಸಿದ್ದೀಯಲ್ಲ, ನಾ ಈಗ ಎಲ್ಲಿಗೋಗ್ಲಾ? ಆ ಕಲ್ಲಿನ್ ಮುಂದ್ಕೇ ಕುಂತ್ಕಳ್ಳಾ?"

ಮಾತಿನ ನಡುವೆಯೇ ಅವರ ಸೀರೆ ಒದ್ದೆಯಾಯಿತು. ವೇದಿಕೆಯ ಮೇಲಿದ್ದವರೆಲ್ಲ ಮುಖ ಆಚೆ ತಿರುಗಿಸಿದರು. ನಾನು ಅವರನ್ನು ನನ್ನ ಕ್ವಾರ್ಟರ್ಸಿಗೆ ಕರೆದೊಯ್ದು ಒಣ ಸೀರೆ ಕೊಟ್ಟೆ. ಅವರು ಗೋಡೆ ಹಿಡಿದು ನಿಂತು ಕೇಳಿದರು: "ಬಾಣ್ತೀರು ಎಲ್ಲಿಗೋದಾರವ್ವಾ?" ಜ್ಯೋತಿಗೆ ಆದದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ಶಾಮಿಯಾನಕ್ಕೆ ಮರಳಲಿಲ್ಲ. ಶಾಲು ಹೊದ್ದ ಮಗ ಹುಡುಕಿಕೊಂಡು ಬಂದಾಗ, ಅವನ ಮುಖವನ್ನೂ ನೋಡದೆ ಆಟೋ ಹತ್ತಿದರು.

ಅದೇ ವಾರ ಶೌಚಾಲಯಕ್ಕೆ ಪಾಯ ತೆಗೆದರು. ಊರವರು ಶಿವಮಲ್ಲಪ್ಪನವರ ದೊಡ್ಡ ಮನಸ್ಸನ್ನು ಮತ್ತೆ ಹೊಗಳಿದರು. ನನ್ನಿಂದ ಒಂದು ಧನ್ಯವಾದವೂ ಹೊರಡಲಿಲ್ಲ. ಬಾಣಂತಿಯೊಬ್ಬಳ ರಕ್ತಕ್ಕೆ ಅಲ್ಲಾಡದವರು, ತಮ್ಮ ಮನೆಯ ಮರ್ಯಾದೆ ನಾಲ್ಕು ಜನರ ಮುಂದೆ ಒದ್ದೆಯಾದಾಗ ಅಲ್ಲಾಡಿದ್ದರು.

ಆಮೇಲೆ ಯಳಂದೂರಿನ ಕಡೆಗೆ ವರ್ಗವಾಯಿತು. ಅಲ್ಲಿಯೂ ಆಸ್ಪತ್ರೆಗೆ ಕೋಣೆ ಕಟ್ಟಿಸುತ್ತೇವೆ ಎಂದು ಜನ ಬರುತ್ತಾರೆ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಮೊದಲು ಶೌಚಾಲಯಕ್ಕೆ ಪಾಯ ತೆಗೆಸಿ ಎನ್ನುತ್ತೇನೆ. ಅರ್ಧ ಜನ ಮತ್ತೆ ಬರುವುದಿಲ್ಲ. ಉಳಿದರ್ಧದವರ ಜೊತೆ ಕೆಲಸ ಮಾಡುವುದನ್ನು ಈ ವೃತ್ತಿ ನನಗೆ ಕಲಿಸಿದೆ.