ದನ ಕದ್ದವನ ತಲೆಯ ಕೊಂಬು

ಮೊನ್ನೆ ನಮ್ಮ ಕಿರಿಯವನು ಪ್ಲಾಸ್ಟಿಕ್ ಕೊಂಬಿನ ಟೋಪಿ ಹಾಕಿಕೊಂಡು ಬಂದು, “ಅಜ್ಜಿ, ನಾನು ವೈಕಿಂಗ್!” ಎಂದ. ಶಾಲೆಯಲ್ಲಿ ವೇಷದ ಸ್ಪರ್ಧೆಯಂತೆ. ಯಾರವರು ಎಂದು ಕೇಳಿದೆ. ಸಾವಿರ ವರ್ಷದ ಹಿಂದೆ ಯುರೋಪಿನ ಉತ್ತರದಿಂದ ಹಡಗಿನಲ್ಲಿ ಬಂದು ಊರು ಸುಟ್ಟು, ದೋಚಿ, ಜನರನ್ನು ಹಿಡಿದು ಮಾರುತ್ತಿದ್ದರು, ಕೊಂಬು ಮಾತ್ರ ಬಹಳ ಆಮೇಲೆ ನಾಟಕದವರು ಅಂಟಿಸಿದ್ದು ಎಂದು ಅವನ ಅಕ್ಕ ಓದಿ ಹೇಳಿದಳು. ಈಗ ಸಿನಿಮಾದಲ್ಲಿ, ಆಟದಲ್ಲಿ, ಅಂಗಿಯ ಮೇಲೆ ಅವರೇ ವೀರರು. ಸುಟ್ಟ ಊರಿನವರ ವೇಷ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನನಗೆ ರೇಗಿತು. ನಾನು ಚಿಕ್ಕವಳಿದ್ದಾಗ ನಮ್ಮ ಹಿತ್ತಲ ಹಿಂದಿನ ಮನೆಯಲ್ಲಿದ್ದ ಅಜ್ಜಿ ನೆನಪಾದರು...

ಹರದನಹಳ್ಳಿ ಹತ್ತಿರದ ನಮ್ಮೂರಲ್ಲಿ ಹೊಂಗೆಮರದಡಿ ಒಂದು ವೀರಗಲ್ಲಿತ್ತು. ದನ ಹೊಡೆದುಕೊಂಡು ಹೋಗಲು ಬಂದ ದಂಡನ್ನು ಅಡ್ಡಗಟ್ಟಿ ಸತ್ತವನ ಕಲ್ಲು. ಅವನು ತಮ್ಮ ವಂಶದವನೆಂದು ಅಜ್ಜಿ ಹೇಳುತ್ತಿದ್ದರು. ಅವರ ಹಸು ಕರು ಹಾಕಿದರೆ ಮೊದಲ ಗಿಣ್ಣುಹಾಲು ಆ ಕಲ್ಲಿಗೆ. ಆಮೇಲೆಯೇ ಮನೆಯವರಿಗೆ, ನನಗೂ ಒಂದು ತುಂಡು ಗಿಣ್ಣು.

ಕನ್ನಡ ನಾಡು ಒಂದಾದ ವರ್ಷ ಶಾಲೆಯಲ್ಲಿ ನಾಟಕವಾಯಿತು. ಮೇಷ್ಟ್ರು ಆ ಕಲ್ಲಿನ ಕಥೆಯನ್ನೇ ತೆಗೆದುಕೊಂಡು ತಿರುಗಿಸಿ ಬರೆದರು. ದಂಡಿನ ದೊರೆ ನಾಯಕನಾದ, ತಲೆಗೆ ಹಸುವಿನ ಕೊಂಬು. ಕಲ್ಲಿನವನು ಹೆದರಿ ಓಡುವ ಹಾಸ್ಯಗಾರ. ದೊರೆಗೆ ಹಾರ ಹಾಕುವುದು ನನ್ನ ಪಾತ್ರ.

ಕಥೆಯನ್ನು ಹೀಗೇಕೆ ತಿರುಗಿಸಿದಿರಿ ಎಂದು ಅಜ್ಜಿ ಶಾಲೆಗೇ ಹೋಗಿ ಕೇಳಿದರು. “ಸಾಯೋನ್ನ ನೋಡೋಕೆ ಯಾರಜ್ಜಿ ಬತ್ತಾರೆ? ಮೀಸೆ ಬೇಕು, ಕತ್ತಿ ಬೇಕು!” ಎಂದು ಮೇಷ್ಟ್ರು ನಕ್ಕರು.

“ನಿಮ್ಮಟ್ಟಿ ಅಸ ಒಡ್ಕೊಂಡೋಗಿದ್ರೆ ಗೊತ್ತಾಯ್ತಿತ್ತು ಮೇಷ್ಟ್ರೇ, ಮೀಸೆ ಎಷ್ಟ್ ಚೆಂದ ಅಂತ,” ಎಂದು ಅಜ್ಜಿ ತಿರುಗಿ ಬಂದರು.

ಶಾಲೆಯಿಂದ ಒಟ್ಟಿಗೆ ಬರುವ ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡರು. “ಅವ ಓಡೋಗ್ನಿಲ್ಲ ಕಣಮ್ಮಿ, ಸತ್ತ. ಆರ ಆಕಕ್ ಮುಂಚೆ ನೀನಾರ ಅದೊಂದ್ ಮಾತ ಯೋಳ್ಬುಡು.” ಹೂಂ ಎಂದು ತಲೆಯಾಡಿಸಿದೆ.

ನಾಟಕದ ದಿನ ಊರೆಲ್ಲ ಸೇರಿತ್ತು. ಹಾಸ್ಯಗಾರ ಓಡಿದ, ಜನ ಬಿದ್ದು ಬಿದ್ದು ನಕ್ಕರು. ದೊರೆ ಬಂದಾಗ ಸಿಳ್ಳೆ. ನಾನು ಹಾರ ಹಿಡಿದು ನಿಂತೆ. ಮುಂದೆಯೇ ಕೂತಿದ್ದ ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದರು. ಆ ಮಾತು ಹೇಳದೆಯೇ ಹಾರ ಹಾಕಿಬಿಟ್ಟೆ. ಅಜ್ಜಿ ಸೆರಗು ಕೊಡವಿ ಎದ್ದು ಹೋದರು.

ಮುಂದಿನ ಸಲ ಹಸು ಈದಾಗಲೂ ನನಗೆ ಗಿಣ್ಣು ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಈಗ ಊರವರು ಆ ವೀರಗಲ್ಲನ್ನು ದಂಡಿನ ದೊರೆಯ ಕಲ್ಲು ಎನ್ನುತ್ತಾರೆ, ಮುಂದೆ ನಿಂತು ಮೀಸೆ ತಿರುವಿ ಫೋಟೋ ತೆಗೆಸಿಕೊಳ್ಳುತ್ತಾರೆ.

ನಿನ್ನೆ ಕಿರಿಯವನ ಟೋಪಿಯ ಕೊಂಬು ಕಿತ್ತುಬಂತು. ಅಳುತ್ತಾ ತಂದ, ಹೊಲಿದುಕೊಟ್ಟೆ. ಅಂದು ಹಾರ ಹಾಕಿದ್ದೂ ಇದೇ ಕೈ. ಬಾಯಿಂದ ಆಗದ್ದನ್ನು ಬರೆದಾದರೂ ಇಡುತ್ತೇನೆ ಮಕ್ಕಳೇ. ಆ ಕಲ್ಲಿನವನು ಓಡಿಹೋಗಲಿಲ್ಲ, ಸತ್ತ. ಅಂದು ಇದನ್ನು ಕೇಳಲು ಎದುರಿಗೆ ಕೂತಿದ್ದ ಅಜ್ಜಿ ಈಗ ಇಲ್ಲ...